ಎಂಟು ಸೆಕೆಂಡಿನ ಅಜ್ಜಿ

ಫೆಬ್ರವರಿ 3, ಶನಿವಾರ

ಹೆಗಲು ನೋವು: ಹತ್ತಕ್ಕೆ ನಾಲ್ಕು.

ಈ ಪುಸ್ತಕ ಕೊಟ್ಟವರು ಹೆಗಲಿನ ಡಾಕ್ಟರು. ನೋವು ಎಷ್ಟಿತ್ತು ಅಂತ ದಿನಾ ಒಂದು ಸಾಲು ಬರೆಯಿರಿ, ಅಷ್ಟು ಸಾಕು ಅಂದಿದ್ದರು. ಆ ಸಾಲು ಮೇಲೆ ಬರೆದಾಯಿತು. ಇನ್ನು ಮುಂದಿನದು ಡಾಕ್ಟರಿಗಲ್ಲ, ನನಗೆ. ಎಲ್ಲಾದರೂ ಕಕ್ಕದಿದ್ದರೆ ಇವತ್ತು ನನ್ನ ತಲೆ ಸಿಡಿದೇ ಹೋಗುತ್ತದೆ.

ನನ್ನ ಕೆಲಸ ಈಗ ಇಷ್ಟೇ: ವಾಲಿಬಾಲ್ ತಂಡದ ಬೆಂಚಿನ ಮೇಲೆ ಕೂತಿರುವುದು. ನಮ್ಮಲ್ಲಿ ಏಣಿ ಅಂತ ಒಬ್ಬಳಿದ್ದಾಳೆ, ಇಪ್ಪತ್ತೆರಡರ ಹುಡುಗಿ, ಆರಡಿ ಮೂರಂಗುಲ. ನೆಟ್ ಹತ್ತಿರ ನಿಂತರೆ ಗೋಡೆ, ಸರ್ವ್ ಮಾಡಲು ನಿಂತರೆ ದೇವರೇ ಗತಿ. ಅವಳ ಸರ್ವ್ ಸರದಿ ಬಂದಾಗ ಅವಳ ಬದಲು ನಾನು ಒಳಗೆ ಹೋಗಬೇಕು. ರೆಫರಿ ಸೀಟಿ ಊದಿದ ಎಂಟು ಸೆಕೆಂಡಿನೊಳಗೆ ಚೆಂಡನ್ನು ಆಚೆ ಕಳಿಸಬೇಕು. ನಮ್ಮ ಸರ್ವ್ ಹೋಯಿತೆಂದರೆ ಮತ್ತೆ ಬೆಂಚು. ಹದಿನಾಲ್ಕು ವರ್ಷ ಅಂಕಣದ ತುಂಬ ಕುಣಿದವಳಿಗೆ ಈಗ ಎಂಟು ಸೆಕೆಂಡು ಉಳಿದಿದೆ. ವಯಸ್ಸು ಮೂವತ್ತೈದು.

ಇವತ್ತು ಮೂರನೇ ಸೆಟ್‌ನಲ್ಲಿ, ಇಪ್ಪತ್ತೆರಡು-ಇಪ್ಪತ್ತೆರಡು ಇದ್ದಾಗ ಕೋಚ್ ಮೇಡಂ ಕಣ್ಸನ್ನೆ ಮಾಡಿದಳು. ಎದ್ದು ಹೋಗಿ ಗೆರೆಯ ಹಿಂದೆ ನಿಂತೆ. ಚೆಂಡನ್ನು ನೆಲಕ್ಕೆ ಕುಟ್ಟುತ್ತಿದ್ದೆ, ಅಂಗೈ ಒರೆಸಿಕೊಂಡು ಮತ್ತೆ ಕುಟ್ಟುತ್ತಿದ್ದೆ. ಆಗ ನನ್ನ ಬೆನ್ನ ಹಿಂದೆ, ಹತ್ತಡಿ ದೂರದಲ್ಲಿ, ಒಂದು ಗಂಟಲು ಎದ್ದಿತು.

"ಅಜ್ಜೀ... ಹೊತ್ತಾಯ್ತು!"

ಇಡೀ ಸ್ಟೇಡಿಯಂ ನಕ್ಕಿತು. ನನ್ನ ಚೆಂಡು ನೆಟ್‌ಗೆ ಹೋಗಿ ಕೂತಿತು.

ತಿರುಗಿ ನೋಡಿದೆ. ಮೊದಲ ಸಾಲು, ಏಳನೇ ಸೀಟು. ಬೋಳುತಲೆ, ದಾರ ಕಟ್ಟಿದ ಕನ್ನಡಕ, ನಮ್ಮದೇ ತಂಡದ ಬಣ್ಣದ ಮಫ್ಲರು. ಎದುರು ತಂಡದವನಾಗಿದ್ದರೆ ಹೋಗಲಿ ಅನ್ನಬಹುದಿತ್ತು, ಇವನು ನಮ್ಮವನೇ. ಕಳೆದ ವರ್ಷದ ಫೈನಲ್‌ನಲ್ಲಿ ಐದನೇ ಸೆಟ್, ಹದಿಮೂರು-ಹದಿನಾಲ್ಕು ಇದ್ದಾಗ ನಾನು ನೆಟ್‌ಗೆ ಹೊಡೆದದ್ದನ್ನು ಇವರು ಯಾರೂ ಮರೆತಿಲ್ಲ. ನಾನು ಮರೆತಿದ್ದೇನಾ?

ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು ನನ್ನನ್ನು ಅಜ್ಜಿ ಅನ್ನುವುದೆಂದರೆ.

ಫೆಬ್ರವರಿ 5, ಸೋಮವಾರ

ಹೆಗಲು: ನಾಲ್ಕು. ಪಿತ್ತ: ಹತ್ತಕ್ಕೆ ಹತ್ತು.

ದೂರು ಕೊಟ್ಟೇಬಿಟ್ಟೆ. ಬೆಳಿಗ್ಗೆ ಅಮ್ಮ ನನ್ನ ಮಗಳನ್ನು ಶಾಲೆಗೆ ಬಿಡಲು ಹೋದ ಮೇಲೆ ಮನೆಯಿಂದ ಹೊರಟು, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಅಂತ ಎರಡು ಸಲ ಮೆಟ್ಟಿಲು ಹತ್ತಿ ಎಳೆದು ನೋಡಿ ಬರುವಷ್ಟರಲ್ಲಿ ಬಸ್ಸು ತಪ್ಪಿತು, ಇಲ್ಲದಿದ್ದರೆ ಲೀಗ್ ಕಚೇರಿ ಬಾಗಿಲು ತೆಗೆಯುವಾಗಲೇ ಅಲ್ಲಿರುತ್ತಿದ್ದೆ. ಶಿಸ್ತು ಸಮಿತಿಯ ಗುಮಾಸ್ತರು ಎರಡು ಪುಟದ ಅರ್ಜಿ ಕೊಟ್ಟರು.

ಆಕ್ಷೇಪಾರ್ಹ ಪದ: ಅಜ್ಜಿ.

ಪದದ ಸ್ವರೂಪ: ಅವಾಚ್ಯ.

ಎದುರುದಾರರ ಹೆಸರು: ಗೊತ್ತಿಲ್ಲ, ಮೊದಲ ಸಾಲು, ಏಳನೇ ಸೀಟು.

ಎದುರುದಾರರೊಂದಿಗೆ ಸಂಬಂಧ: ಯಾವ ಜನ್ಮದಲ್ಲೂ ಇಲ್ಲ.

ಗುಮಾಸ್ತರು ಕೊನೆಯದನ್ನು ನೋಡಿ, "ಬರೀ 'ಇಲ್ಲ' ಅಂತ ಬರೆದ್ರೆ ಸಾಕಮ್ಮ," ಅಂದರು. ಜಾಗ ಇತ್ತು, ಬರೆದೆ ಅಂದೆ. ಪ್ರತಿಯ ಮೇಲೆ ಮೊಹರು ಒತ್ತಿ ಕೊಟ್ಟರು. ಎಷ್ಟು ದಿನ ಆಗುತ್ತೆ ಅಂತ ಕೇಳಿದ್ದಕ್ಕೆ ಗೋಡೆಯ ಕ್ಯಾಲೆಂಡರಿನ ಮುಂದಿನ ಹಾಳೆ ತಿರುಗಿಸಿ ನೋಡಿದರು.

ಫೆಬ್ರವರಿ 10, ಶನಿವಾರ

ಹೆಗಲು: ಮೂರೂವರೆ.

ಇದನ್ನು ಬರೆಯಲೋ ಬೇಡವೋ. ಬರೆಯುತ್ತೇನೆ, ಓದುವವರು ಯಾರಿದ್ದಾರೆ.

ಅವನ ಗಂಟಲು ಕೇಳಿಸಬಾರದು ಅಂತ ಇವತ್ತು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಹೋಗಿದ್ದೆ. ಒಳ್ಳೆಯ ಉಪಾಯ. ಮೊದಲ ಸೆಟ್, ಹದಿನೆಂಟು-ಹದಿನಾರು. ಗೆರೆಯ ಹಿಂದೆ ನಿಂತೆ. ಸ್ವರ್ಗ. ನೊಣ ಹಾರಿದ ಸದ್ದೂ ಇಲ್ಲ. ಚೆಂಡು ಕುಟ್ಟಿದೆ, ಕೈ ಒರೆಸಿದೆ, ಮತ್ತೆ ಕುಟ್ಟಿದೆ, ಉಸಿರು ತೆಗೆದುಕೊಂಡೆ, ಎಷ್ಟು ಆರಾಮು. ಈ ರೆಫರಿ ಯಾಕೆ ಇನ್ನೂ ಸೀಟಿ ಊದಲಿಲ್ಲ ಅಂತ ತಲೆ ಎತ್ತಿದರೆ ಅವನು ಎಂಟು ಬೆರಳು ತೋರಿಸಿ ಚೆಂಡನ್ನು ಎದುರು ತಂಡಕ್ಕೆ ಕೊಡಿಸುತ್ತಿದ್ದ.

ಸೀಟಿ ಊದಿ ಎಂಟು ಸೆಕೆಂಡು ಕಳೆದಿತ್ತಂತೆ.

ಮೇಡಂ ನನ್ನ ಕಿವಿಯಿಂದ ಹತ್ತಿ ಎಳೆದು, ಅದನ್ನು ನನ್ನ ಅಂಗೈಯಲ್ಲೇ ಇಟ್ಟು ಹೋದಳು. ಇವಳೂ ನಾನೂ ಒಂದು ಕಾಲದಲ್ಲಿ ಒಂದೇ ರೂಮಿನಲ್ಲಿ ಮಲಗಿ ಒಬ್ಬರ ಸಾಕ್ಸ್ ಇನ್ನೊಬ್ಬರು ಹಾಕಿಕೊಂಡು ಆಡಿದವರು. ಈಗ ಕೋಚ್ ಆಗಿದ್ದಾಳೆ, ನಾನೂ ಎಲ್ಲರಂತೆ ಮೇಡಂ ಅನ್ನುತ್ತೇನೆ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 11, ಭಾನುವಾರ

ಹೆಗಲು ಮೂರು. ಇವತ್ತು ನೋವು ಬೇರೆ ಕಡೆ.

ದೂರಿನ ಪ್ರತಿಯನ್ನು ನಾನೇ ಫ್ರಿಜ್ಜಿನ ಮೇಲೆ ಬಿಟ್ಟಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ನನ್ನ ಗಂಡ ಹಡಗಿನ ಕೆಲಸಕ್ಕೆ ಹೋದರೆ ಆರು ತಿಂಗಳು ಬರುವುದಿಲ್ಲ, ಮನೆಯನ್ನೂ ನನ್ನ ಮಗಳನ್ನೂ ನೋಡಿಕೊಳ್ಳುವವಳು ಅಮ್ಮನೇ.

"ಇದೇನೇ ಇದು? ಪದದ ಸ್ವರೂಪ, ಅವಾಚ್ಯ?"

"ಅಮ್ಮಾ, ಅದು ಹಾಗಲ್ಲ."

"ಮತ್ತೆ ಹೇಗೆ? ಒಂಬತ್ತು ವರ್ಷದಿಂದ ನಿನ್ನ ಮಗಳು ದಿನಕ್ಕೆ ನೂರು ಸಲ ನನಗೆ ಅವಾಚ್ಯ ಮಾತು ಆಡ್ತಿದ್ದಾಳೆ ಅಂದ ಹಾಗಾಯ್ತು. ಅವಳ ಮೇಲೂ ಒಂದು ಅರ್ಜಿ ಹಾಕು."

"ಅವಳು ಅಂದ್ರೆ ಪ್ರೀತಿ. ಅವನು ಅಂದ್ರೆ ಮರ್ಯಾದೆ ತೆಗೆಯೋಕೆ."

"ಅಜ್ಜಿ ಅಂದ್ರೆ ಮರ್ಯಾದೆ ಹೋಗತ್ತೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು ಬಿಡು."

ಮಗಳು ಬಾಗಿಲ ಹತ್ತಿರ ನಿಂತು, "ಹಾಗಾದ್ರೆ ನಾನು ಇನ್ಮೇಲೆ ಏನಂತ ಕರೀಲಿ?" ಅಂದಳು. ಅಮ್ಮ ಮುಖ ಊದಿಸಿಕೊಂಡು, "ನಿಮ್ಮಮ್ಮನ್ನ ಕೇಳು," ಅಂದಳು. ಮಧ್ಯಾಹ್ನದ ಊಟಕ್ಕೆ ತಟ್ಟೆ ಇಟ್ಟ ಸದ್ದೇ ಬೇರೆ ಥರ ಇತ್ತು.

ಫೆಬ್ರವರಿ 17, ಶನಿವಾರ

ಎಂಟು ಗಂಟೆ ಬಸ್ಸಿನಲ್ಲಿ ಕೂತು ಪರವೂರಿಗೆ ಹೋದರೆ ಅಲ್ಲೂ ಅಜ್ಜಿ. ಯಾರೋ ವಿಡಿಯೋ ಹಾಕಿದ್ದಾರಂತೆ. ಕಿವಿಗೆ ಹತ್ತಿ ಇಟ್ಟುಕೊಂಡು ನೆಮ್ಮದಿಯಾಗಿ ಚೆಂಡು ಕುಟ್ಟುತ್ತಾ ನಿಂತ ನನ್ನನ್ನು ಮೂರು ಲಕ್ಷ ಜನ ನೋಡಿದ್ದಾರೆ.

ಎರಡು ಸರ್ವ್. ಒಂದು ನೆಟ್, ಒಂದು ಹೊರಗೆ.

ವಾಪಸು ಬರುವಾಗ ಮೇಡಂ ಪಕ್ಕದ ಸೀಟಿಗೆ ಬಂದು ಕೂತಳು. "ಮುಂದಿನ ವರ್ಷದ ಪಟ್ಟಿ ಬರೀತಿದೀನಿ. ಹದಿನಾಲ್ಕು ಜನ. ಹದಿಮೂರು ಬರೆದಾಯ್ತು," ಅಂದಳು.

"ಹದಿನಾಲ್ಕನೇದು?"

"ಜೂನಿಯರ್ ತಂಡದಲ್ಲಿ ಒಂದು ಹುಡುಗಿ ಇದ್ದಾಳೆ, ಸರ್ವ್ ಚೆನ್ನಾಗಿದೆ. ಅಥವಾ ನೀನು. ಫೈನಲ್ ಆದ ಮೇಲೆ ಬರೀತೀನಿ."

ಗೆಳತಿಯಾಗಿ ಮೊದಲೇ ಹೇಳಿದಳೋ, ಕೋಚ್ ಆಗಿ ಎಚ್ಚರಿಸಿದಳೋ ಗೊತ್ತಾಗಲಿಲ್ಲ. ಅವಳು ಎದ್ದು ಹೋದ ಮೇಲೆ ಕಿಟಕಿಯಾಚೆ ನೋಡುತ್ತಾ ಕೂತೆ. ಆಟ ಬಿಟ್ಟು ನನಗೆ ಇನ್ನೇನೂ ಬರುವುದಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ.

ಮಾರ್ಚ್ 2, ಶನಿವಾರ

ಅಕ್ಷರ ಓಡುತ್ತಿದೆ, ಓಡಲಿ.

ಇವತ್ತು ನಮ್ಮ ಸ್ಟೇಡಿಯಂ, ಮೊದಲ ಸೆಟ್, ಇಪ್ಪತ್ತು-ಹತ್ತೊಂಬತ್ತು. ಹೋಗಿ ನಿಂತೆ. ಸೀಟಿ. ಚೆಂಡು ಕುಟ್ಟಿದೆ. ಬರುತ್ತೆ, ಈಗ ಬರುತ್ತೆ ಅಂತ ಬೆನ್ನೆಲ್ಲ ಕಿವಿಯಾಗಿತ್ತು.

"ಅಜ್ಜೀ... ಹೊತ್ತಾಯ್ತು!"

ಏನಾಯಿತೋ ನನಗೆ. ಬೆಳಿಗ್ಗೆಯಿಂದ ಅಮ್ಮ ಮಾತಾಡಿರಲಿಲ್ಲ, ಆ ಸಿಟ್ಟೋ ಏನೋ. ತಿರುಗಿ, ಅಮ್ಮ ನನ್ನ ಮಗಳಿಗೆ ಓಗೊಡುವ ಅದೇ ರಾಗದಲ್ಲಿ ಅಂದುಬಿಟ್ಟೆ:

"ಏನ್ ಮಗೂ? ಹಸಿವಾಯ್ತಾ?"

ಇಡೀ ಸ್ಟೇಡಿಯಂ ಛಾವಣಿ ಹಾರಿಹೋಗುವ ಹಾಗೆ ನಕ್ಕಿತು. ಆ ಬೋಳುತಲೆ ಕಿವಿಯ ತನಕ ಕೆಂಪಾಗಿದ್ದು ಕಂಡಿತು. ನಾನು ಆ ನಗುವಿನೊಳಗೇ ತಿರುಗಿ, ಚೆಂಡು ಎಸೆದು, ಹಾರಿ ಹೊಡೆದೆ. ಯೋಚಿಸಲು ಸಮಯವೇ ಇರಲಿಲ್ಲ. ಚೆಂಡು ನೆಟ್ ದಾಟಿ, ಅಲ್ಲಾಡುತ್ತಾ ಹೋಗಿ, ಎದುರಿನವಳ ಮೊಣಕೈಗೆ ತಾಗಿ ಗ್ಯಾಲರಿಗೆ ಹಾರಿತು.

ನೇರ ಪಾಯಿಂಟು. ಮತ್ತೆ ಸರ್ವ್, ಮತ್ತೆ ಪಾಯಿಂಟು. ಮತ್ತೆ. ನಾಲ್ಕು ಪಾಯಿಂಟು ಸಾಲಾಗಿ. ಏಣಿ ಬೆಂಚಿನಿಂದ ಎದ್ದು ಕುಣಿಯಲು ಹೋಗಿ ಜಾಹೀರಾತಿನ ಹಲಗೆ ಬೀಳಿಸಿದಳು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಹಸಿವಾಯ್ತಾ ಅಂದ್ಯಾ?" ಅಂದಳು. ಹೂಂ ಅಂದೆ. ಒಳಗೆ ಹೋಗಿ ಅವಳೊಬ್ಬಳೇ ನಗುವುದು ಕೇಳಿಸಿತು. ತಟ್ಟೆಯ ಸದ್ದು ಮೊದಲಿನಂತಾಯಿತು.

ಇವತ್ತಿನ ಸರ್ವ್‌ಗೆ ಕಾರಣ ಹೊಸ ಶೂ ಅಂತ ನನಗನ್ನಿಸುತ್ತದೆ.

ಮಾರ್ಚ್ 9, ಶನಿವಾರ

ಗೆದ್ದೆವು. ಐದು ಸರ್ವ್, ಐದೂ ಒಳಗೆ. ಇವತ್ತು ಅವನು ತಯಾರಾಗಿ ಬಂದಿದ್ದ.

"ಅಜ್ಜೀ, ಹೊತ್ತಾಯ್ತು!"

"ಹಲ್ಲುಜ್ಜಿದ್ಯಾ ಮಗೂ?"

"ಉಜ್ಜಿದೀನಜ್ಜೀ, ನೀನು ಹೊಡಿ!"

ಅವನ ಸಾಲಿನವರೆಲ್ಲ ಈಗ ಅವನಿಗೆ ಮೊಮ್ಮಗ ಅಂತಲೇ ಅನ್ನುತ್ತಾರೆ.

ಏಣಿಗೆ ನೆಗಡಿ, ನನ್ನ ಶಾಲು ಕೊಟ್ಟು ಕಳಿಸಿದೆ. ಇನ್ನೊಬ್ಬಳ ಪ್ಯಾಂಟಿನ ಲಾಡಿ ಕಿತ್ತು ಹೋಗಿತ್ತು, ನನ್ನ ಬ್ಯಾಗಿನಲ್ಲಿ ಪಿನ್ನು ಇತ್ತು. ಈ ಹುಡುಗಿಯರು ಏನೂ ಇಟ್ಟುಕೊಳ್ಳುವುದಿಲ್ಲ. ಮುಂದಿನ ವಾರದಿಂದ ಬಾಳೆಹಣ್ಣನ್ನೂ ನಾನೇ ತರಬೇಕು.

ಮಾರ್ಚ್ 16, ಶನಿವಾರ

ಸೆಮಿಫೈನಲ್ ಗೆದ್ದೆವು, ಫೈನಲ್‌ಗೆ ಬಂದೆವು, ಅದೂ ನಮ್ಮದೇ ಸ್ಟೇಡಿಯಂನಲ್ಲಿ. ಏಣಿ ನನ್ನನ್ನು ಎತ್ತಿಕೊಂಡು ಸುತ್ತಿದಳು, ತಲೆ ಇನ್ನೂ ತಿರುಗುತ್ತಿದೆ. ಮೊಮ್ಮಗ ಕೂಗಿದ ತಕ್ಷಣ ಎರಡು ಸಾವಿರ ಜನ ಒಟ್ಟಿಗೆ "ಅಜ್ಜೀ" ಅಂದರು. ಕಿವಿ ಗುಂಯ್ ಅಂದಿತು. ಆ ಗುಂಯ್ ಮುಗಿಯುವಷ್ಟರಲ್ಲಿ ನನ್ನ ಚೆಂಡು ಆಚೆ ಇತ್ತು.

ಹೆಗಲಿನ ಬಗ್ಗೆ ಬರೆಯಲು ಮರೆಯುತ್ತಿದ್ದೇನೆ, ಡಾಕ್ಟರು ಬೈಯುತ್ತಾರೆ.

ಮಾರ್ಚ್ 28, ಗುರುವಾರ

ಶಿಸ್ತು ಸಮಿತಿಯ ಆದೇಶ ಬಂತು. ಐವತ್ತೆರಡು ದಿನ ನಿದ್ದೆ ಮಾಡಿ, ಫೈನಲ್‌ಗೆ ಎರಡು ದಿನ ಇರುವಾಗ ಎದ್ದಿದ್ದಾರೆ.

"ಸದರಿ ಪದವು ಆಟಗಾರ್ತಿಯ ವಯಸ್ಸನ್ನು ಕುರಿತ ನಿಂದನೆಯಾಗಿರುವುದು ಕಂಡುಬಂದಿದ್ದು, ಮೊದಲ ಸಾಲು ಏಳನೇ ಸೀಟಿನ ಪ್ರೇಕ್ಷಕರನ್ನು ಪ್ರಸಕ್ತ ಋತುವಿನ ಉಳಿದ ಪಂದ್ಯಗಳಿಂದ ನಿಷೇಧಿಸಲಾಗಿದೆ." ಉಳಿದ ಪಂದ್ಯಗಳು ಅಂದರೆ ಇನ್ನು ಒಂದೇ. ಸ್ಟೇಡಿಯಂನ ಗೇಟಿಗೂ ಒಂದು ಪ್ರತಿ ಅಂಟಿಸಿದ್ದಾರೆ, ಅವನ ವಯಸ್ಸು ಐವತ್ತೆರಡು, ಕೆಲಸ ನಗರ ಗ್ರಂಥಾಲಯದ ಕೌಂಟರಿನಲ್ಲಿ, ಎಲ್ಲ ಹಾಕಿ.

ಒಳ್ಳೆಯದೇ ಆಯಿತು ಅಂದುಕೊಂಡೆ. ಕೇಳಿದ್ದು ನಾನೇ ತಾನೆ. ಇನ್ನು ನೆಮ್ಮದಿಯಾಗಿ ಸರ್ವ್ ಮಾಡಬಹುದು.

ಸಂಜೆ ಅಭ್ಯಾಸದಲ್ಲಿ ಹತ್ತು ಸರ್ವ್ ಮಾಡಿದೆ. ಖಾಲಿ ಗ್ಯಾಲರಿ. ಏಳು ನೆಟ್‌ಗೆ ಹೋದವು. ಮೇಡಂ ಎಣಿಸುತ್ತಿದ್ದಳು. ಆಮೇಲೆ ಜೂನಿಯರ್ ಹುಡುಗಿಗೆ ಹತ್ತು ಕೊಟ್ಟಳು. ಒಂಬತ್ತು ಒಳಗೆ ಬಿದ್ದವು.

ಹೊಸ ಶೂ ಅದೇ ಇತ್ತು.

ಮಾರ್ಚ್ 29, ಶುಕ್ರವಾರ

ಇವತ್ತು ನಡೆದದ್ದನ್ನು ಒಂದೂ ಬಿಡದೆ ಬರೆಯಬೇಕು.

ಬೆಳಿಗ್ಗೆ ಹತ್ತಕ್ಕೆ ನಗರ ಗ್ರಂಥಾಲಯಕ್ಕೆ ಹೋದೆ. ಕೌಂಟರಿನ ಹಿಂದೆ ಕೂತಿದ್ದ. ತಲೆಯ ಮೇಲೆ ದೊಡ್ಡ ಹಲಗೆ: ಮೌನವಾಗಿರಿ. ಎರಡು ಸಾವಿರ ಜನರ ಸದ್ದನ್ನು ಮೀರಿ ಕೂಗುವ ಗಂಟಲಿನವನು ಒಬ್ಬ ಮುದುಕನಿಗೆ ಪುಸ್ತಕದ ಕೊನೆ ದಿನಾಂಕವನ್ನು ಪಿಸುಗುಟ್ಟಿ ಹೇಳುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಪುಸ್ತಕ ವಾಪಸ್ ಮಾಡೋಕಾ ಮೇಡಂ?" ಅಂದ, ಪಿಸುದನಿಯಲ್ಲಿ.

"ನಿಮ್ಮನ್ನ ವಾಪಸ್ ಕರ್ಕೊಂಡು ಹೋಗೋಕೆ."

"ಮೆಲ್ಲಗೆ ಮೇಡಂ."

ಹಾಗೆ ನಾವಿಬ್ಬರೂ ಕೌಂಟರಿನ ಎರಡು ಕಡೆ ಬಗ್ಗಿ ನಿಂತು, ಉಸಿರಿನಲ್ಲೇ ಜಗಳ ಆಡಿದೆವು.

"ನೀವೇ ದೂರು ಕೊಟ್ಟು ನೀವೇ ಕರಿಯೋಕೆ ಬಂದಿದೀರ?"

"ಕೊಟ್ಟಿದ್ದು ಫೆಬ್ರವರಿಯಲ್ಲಿ. ಆಗ ಸಿಟ್ಟು ಬಂದಿತ್ತು."

"ಇಲ್ಲಿ ಎಲ್ಲರೂ ಓದಿದ್ದಾರೆ ಮೇಡಂ. ಲೈಬ್ರರಿಯವನು ಗಲಾಟೆ ಮಾಡಿ ಸಿಕ್ಕಿಬಿದ್ದ ಅಂತ ನಗ್ತಿದ್ದಾರೆ. ಇಪ್ಪತ್ತಾರು ವರ್ಷದಿಂದ ದಿನಕ್ಕೆ ಎಂಟು ಗಂಟೆ ಪಿಸುಗುಡ್ತಾ ಕೂತಿರ್ತೀನಿ. ಶನಿವಾರ ಒಂದಿನ ಬಾಯಿ ಬಿಡ್ತಿದ್ದೆ. ಅದೂ ಹೋಯ್ತು."

"ನೀವು ನನ್ನ ವಯಸ್ಸನ್ನ ಎತ್ತಿ ಆಡಿದ್ದು ಸರಿನಾ?"

ಅವನು ಕನ್ನಡಕ ತೆಗೆದು ನೋಡಿದ. "ವಯಸ್ಸಾ? ನಿಮ್ಮ ವಯಸ್ಸು ನನಗೆ ಹೇಗೆ ಗೊತ್ತಾಗ್ಬೇಕು? ನಾನು ಕೂತಿರೋದು ನಿಮ್ಮ ಬೆನ್ನ ಹಿಂದೆ. ನನಗೆ ಕಾಣೋದು ಒಂದು ಜಡೆ, ಹನ್ನೊಂದು ನಂಬರು."

"ಮತ್ತೆ ಅಜ್ಜಿ ಯಾಕೆ?"

"ನನ್ನನ್ನ ಸಾಕಿದ್ದು ನಮ್ಮಜ್ಜಿ. ಎಲ್ಲಿಗಾದ್ರೂ ಹೊರಟ್ರೆ ಬೀಗ ಹಾಕ್ತಿದ್ಲು. ಎಳೆದು ನೋಡ್ತಿದ್ಲು. ಎರಡು ಹೆಜ್ಜೆ ಹೋಗಿ ವಾಪಸ್ ಬಂದು ಮತ್ತೆ ಎಳೀತಿದ್ಲು. ಸೆರಗಲ್ಲಿ ಕೈ ಒರೆಸ್ಕೊಂಡು ಮತ್ತೆ ಎಳೀತಿದ್ಲು. ನಾನು ರಸ್ತೇಲಿ ನಿಂತು ಕೂಗ್ತಿದ್ದೆ, ಅಜ್ಜೀ ಹೊತ್ತಾಯ್ತು, ಬಸ್ಸು ಬಂತು ಅಂತ. ನೀವು ಚೆಂಡು ಕುಟ್ಟಿ, ಕೈ ಒರೆಸಿ, ಮತ್ತೆ ಕುಟ್ಟಿ, ಮತ್ತೆ ಒರೆಸಿ... ನೋಡಿ ನೋಡಿ ಆವತ್ತು ಬಾಯಿಂದ ತಾನಾಗೇ ಬಂದ್ಬಿಡ್ತು."

ನಾನು ಹಾಗೇನೂ ಮಾಡುವುದಿಲ್ಲ ಅಂದೆ.

"ಎಂಟು ಸಲ ಮೇಡಂ. ಎಣಿಸಿದೀನಿ. ನಮ್ಮಜ್ಜಿಗೆ ಬಸ್ಸು ಸಿಗ್ತಿತ್ತಾ, ಇಲ್ಲ. ಬಾಗಿಲು ಮಾತ್ರ ಭದ್ರ."

ಓದುವ ಮೇಜಿನಿಂದ ಯಾರೋ ಶ್ ಅಂದರು. ಅವನು ಗಾಬರಿಯಿಂದ ಕೈಮುಗಿದ. ನನಗೆ ನಗು ತಡೆಯಲಾಗದೆ ಬಗ್ಗಿ ಶೂ ದಾರ ಕಟ್ಟಿದಂತೆ ಮಾಡಿದೆ.

ಅಲ್ಲಿಂದ ಲೀಗ್ ಕಚೇರಿಗೆ ಓಡಿದೆ. ಅದೇ ಗುಮಾಸ್ತರು. ದೂರು ವಾಪಸು ತೆಗೆದುಕೊಳ್ಳುತ್ತೇನೆ ಅಂದೆ. ವಾಪಸು ಅರ್ಜಿಗೆ ಹದಿನೈದು ದಿನ ಅಂದರು. ಫೈನಲ್ ನಾಳೆ ಅಂದೆ. ನಿಯಮ ನಾವು ಮಾಡಿದ್ದಲ್ಲಮ್ಮ ಅಂದರು. ಹಾಗಾದರೆ ಆ ನಿಯಮದ ಪುಸ್ತಕ ಕೊಡಿ ಅಂದೆ. ಅವರ ಎದುರೇ ಕುರ್ಚಿ ಎಳೆದುಕೊಂಡು ಕೂತು ಮೊದಲ ಪುಟದಿಂದ ಓದಿದೆ. ಊಟದ ಹೊತ್ತಾಯಿತು, ಅವರು ಡಬ್ಬಿ ಬಿಚ್ಚಿದರು, ನಾನು ಓದುತ್ತಲೇ ಇದ್ದೆ. ಮೂವತ್ತೊಂದನೇ ಪುಟದಲ್ಲಿ ಸಿಕ್ಕಿತು: ಸಂಬಂಧಿಕರ ನಡುವಿನ ದೂರುಗಳು ಕುಟುಂಬದ ವಿಷಯವಾದ್ದರಿಂದ ಸಮಿತಿ ಪರಿಗಣಿಸತಕ್ಕದ್ದಲ್ಲ, ಪರಿಗಣಿಸಿದ್ದಲ್ಲಿ ಅಂಥ ಆದೇಶ ತಕ್ಷಣ ರದ್ದು.

"ನನ್ನ ಅರ್ಜಿಯಲ್ಲಿ ಒಂದು ತಪ್ಪಾಗಿದೆ, ತಿದ್ದಬೇಕು," ಅಂದೆ. ತಿದ್ದಲು ಹದಿನೈದು ದಿನ ಬೇಡ, ಒಂದು ಸಹಿ ಸಾಕಂತೆ. 'ಯಾವ ಜನ್ಮದಲ್ಲೂ ಇಲ್ಲ' ಅಂತ ಇದ್ದದ್ದನ್ನು ಹೊಡೆದು, ಎದುರುದಾರರೊಂದಿಗೆ ಸಂಬಂಧ ಅನ್ನುವ ಕಡೆ 'ಅಜ್ಜಿ' ಅಂತ ಬರೆದೆ.

ಗುಮಾಸ್ತರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಇವರು ನಿಮ್ಮ ಮೊಮ್ಮಗನಾ?"

"ಹೂಂ."

"ಇವರಿಗೆ ಐವತ್ತೆರಡು ವರ್ಷ ಅಂತಿದೆ."

"ಬೇಗ ಬೆಳೆದ್ಬಿಟ್ಟ."

ಅವರು ಮೊಹರಿಗೆ ಶಾಯಿ ಹಚ್ಚಿ ಎರಡೂ ಪ್ರತಿಗೆ ಒತ್ತಿದರು. "ನಾನೂ ಹತ್ತನೇ ಸಾಲಲ್ಲಿ ಇರ್ತೀನಿ ನಾಳೆ. ಹೇಳ್ಬೇಡಿ ಯಾರಿಗೂ," ಅಂದರು.

ಗ್ರಂಥಾಲಯ ಮುಚ್ಚುವಷ್ಟರಲ್ಲಿ ಮತ್ತೆ ಹೋಗಿ ಆ ಕಾಗದ ಕೌಂಟರಿನ ಮೇಲಿಟ್ಟೆ. ಓದಿದ. ಸಂಬಂಧದ ಹತ್ತಿರ ಬಂದಾಗ ಅವನ ಕಣ್ಣು ಒದ್ದೆಯಾಯಿತು. ಬರುತ್ತೀನಿ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಮಾರ್ಚ್ 31, ಭಾನುವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಕಾಫಿ ಕುಡಿಯುತ್ತಾ ಬರೆಯುತ್ತಿದ್ದೇನೆ.

ಆಟಗಾರ್ತಿಯರಿಗೆ ಎರಡೆರಡು ಟಿಕೆಟ್ ಕೊಡುತ್ತಾರೆ. ಹತ್ತು ವರ್ಷದಿಂದ ಸ್ಟೇಡಿಯಂಗೆ ಕಾಲಿಡದ ಅಮ್ಮ, "ಆ ಮಾತು ಆಡೋನ ಪಕ್ಕದಲ್ಲೇ ಸೀಟು ಹಾಕ್ಸು, ನಾನೂ ಒಂದು ಸಲ ನೋಡ್ತೀನಿ," ಅಂದಳು. ಮೊದಲ ಸಾಲಿನಲ್ಲಿ ಎಂಟು ಅಮ್ಮನಿಗೆ, ಒಂಬತ್ತು ಮಗಳಿಗೆ. ನಾಲ್ಕು ಗಂಟೆಗೆ ನಾವು ಒಳಗೆ ಬಂದಾಗ ಏಳು ಖಾಲಿ ಇತ್ತು. ಎರಡನೇ ಸೆಟ್ ಮುಗಿದರೂ ಖಾಲಿ. ಒಂದು ಸೆಟ್ ನಮಗೆ, ಒಂದು ಎದುರಿನವರಿಗೆ. ಮೇಡಂ ನನ್ನನ್ನು ಕರೆಯಲೇ ಇಲ್ಲ, ಏಣಿಯ ಕೈಲೇ ಸರ್ವ್ ಮಾಡಿಸಿದಳು. ಬೆಂಚಿನ ತುದಿಯಲ್ಲಿ ಜೂನಿಯರ್ ಹುಡುಗಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು.

ಮೂರನೇ ಸೆಟ್ ಹೊತ್ತಿಗೆ ತಿರುಗಿ ನೋಡಿದರೆ ಏಳರಲ್ಲಿ ಬೋಳುತಲೆ. ಮಫ್ಲರು ಸುತ್ತಿಕೊಂಡು, ಶಾಲೆಗೆ ಹೊಸದಾಗಿ ಸೇರಿದ ಮಗುವಿನಂತೆ ಕೈಕಟ್ಟಿ ಕೂತಿದ್ದ. ಅಮ್ಮ ಅವನ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ.

ಎರಡು-ಎರಡು ಆಯಿತು. ಐದನೇ ಸೆಟ್, ಹದಿನೈದಕ್ಕೆ. ಎಂಟಾದಾಗ ಅಂಕಣ ಬದಲಾಯಿಸಿ ನಾವು ಅಮ್ಮ ಕೂತಿದ್ದ ಕಡೆಗೆ ಬಂದೆವು. ಹತ್ತು-ಹನ್ನೆರಡು, ಹನ್ನೆರಡು-ಹದಿಮೂರು. ಏಣಿ ಗೋಡೆಯಂತೆ ಎದ್ದು ಒಂದನ್ನು ತಡೆದು ಕೆಳಗೆ ಕೆಡವಿದಳು. ಹದಿಮೂರು-ಹದಿಮೂರು. ಈಗ ಏಣಿಯ ಸರ್ವ್.

ಮೇಡಂ ಜೂನಿಯರ್ ಹುಡುಗಿಯ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಆಮೇಲೆ ಏಳನೇ ಸೀಟಿನ ಕಡೆ ನೋಡಿದಳು.

"ನೀನೇ ಹೋಗು," ಅಂದಳು.

ಕಳೆದ ವರ್ಷದ್ದೇ ಹೊತ್ತು, ಹೆಚ್ಚುಕಡಿಮೆ ಅದೇ ಅಂಕ. ಗೆರೆಯ ಹಿಂದೆ ನಿಂತೆ. ಸೀಟಿ. ಒಂದು ಸಲ ಕುಟ್ಟಿದೆ. ಎರಡು. ಸ್ಟೇಡಿಯಂನಲ್ಲಿ ಉಸಿರಿನ ಸದ್ದೂ ಇಲ್ಲ. ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು, ಅವನು ಬಾಯಿಗೆ ಮಫ್ಲರು ಒತ್ತಿ ಹಿಡಿದಿದ್ದ. ಮೂರು. ಕೈ ಒರೆಸಿದೆ. ಚೆಂಡು ಕಲ್ಲಿನಷ್ಟು ಭಾರ ಆಯಿತು. ನಾಲ್ಕು. ನನಗೆ ನೆಟ್ ಮಾತ್ರ ಕಾಣುತ್ತಿತ್ತು, ಅದರ ಆಚೆ ಏನೂ ಇಲ್ಲ.

ತಿರುಗಿದೆ.

"ಬೀಗ ಹಾಕಾಯ್ತು ಮಗೂ. ಹೊರಡ್ಲಾ?"

ಅವನು ಅಮ್ಮನ ಮುಖ ನೋಡಿದ. ಅಮ್ಮ ಮೊಣಕೈಯಿಂದ ತಿವಿದಳು.

"ಹೊರಡಜ್ಜೀ!" ಅಂತ ಎದ್ದು ನಿಂತು, ಇಪ್ಪತ್ತಾರು ವರ್ಷ ಪಿಸುಗುಟ್ಟಿದ್ದನ್ನೆಲ್ಲ ಸೇರಿಸಿ ಕೂಗಿದ. "ಹೊತ್ತಾಯ್ತು, ಬಸ್ಸು ಬಂತು!"

ಹೊಡೆದೆ. ಎದುರಿನ ಇಬ್ಬರು ನನ್ನದು ನಿನ್ನದು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಚೆಂಡು ಅವರ ನಡುವೆ ಟಪ್ ಅಂತ ಬಿತ್ತು. ಹದಿನಾಲ್ಕು-ಹದಿಮೂರು.

ಮತ್ತೆ ನಾನೇ. ಈ ಸಲ ಎರಡು ಸಾವಿರ ಜನ, "ಬಸ್ಸು ಬಂತು!" ಒಂದೇ ಸಲ ಕುಟ್ಟಿ ಹೊಡೆದೆ. ಅವರು ಎತ್ತಿದರು, ಹೊಡೆದರು, ನಮ್ಮವರು ತಡೆದರು, ಮತ್ತೆ ಅವರು ಹೊಡೆದರು, ಚೆಂಡು ನೇರ ನನ್ನ ಕಡೆಗೇ ಬಂತು. ಮೂರು ತಿಂಗಳಿಂದ ಒಂದೂ ಚೆಂಡು ಎತ್ತದವಳು ನೆಲಕ್ಕೆ ಬಿದ್ದು, ಎರಡೂ ಕೈ ಚಾಚಿ ಎತ್ತಿದೆ. ಹೆಗಲು ಏನಂದಿತೋ ಕೇಳಿಸಲಿಲ್ಲ. ನೆಲದಲ್ಲಿ ಮುಖ ಇಟ್ಟುಕೊಂಡೇ ಆಚೆ ಚೆಂಡು ಬಿದ್ದ ಸದ್ದು ಕೇಳಿದೆ. ಆಮೇಲೆ ನನ್ನ ಮೇಲೆ ತಂಡದವರೆಲ್ಲ ಬಿದ್ದರು, ಎಲ್ಲರಿಗಿಂತ ಮೇಲೆ ಏಣಿ.

ಸ್ಟೇಡಿಯಂ ಪೂರ್ತಿ ಅಜ್ಜೀ ಅಜ್ಜೀ ಅಂತ ಕೂಗುತ್ತಿತ್ತು. ಎದ್ದು ನೋಡಿದರೆ ಮೊದಲ ಸಾಲಿನಲ್ಲಿ ಅಮ್ಮ ಎದ್ದು ನಿಂತು, ನಾಲ್ಕು ದಿಕ್ಕಿಗೂ ತಿರುಗಿ ತಿರುಗಿ ಕೈಬೀಸುತ್ತಿದ್ದಳು. ಮೊಮ್ಮಗನಿಗೆ ಧ್ವನಿಯೇ ಹೊರಡುತ್ತಿರಲಿಲ್ಲ, ಬಾಯಿ ಮಾತ್ರ ಆಡುತ್ತಿತ್ತು.

ಮೇಡಂ ಬಂದು ಪಟ್ಟಿ ತೋರಿಸಿದಳು. ಹದಿನಾಲ್ಕನೇ ಸಾಲಿನಲ್ಲಿ ಪೆನ್ಸಿಲ್‌ನಲ್ಲಿ 'ಅಜ್ಜಿ' ಅಂತ ಇತ್ತು. "ಕಚೇರಿಯವರು ಈ ಹೆಸರಿನವರು ಯಾರೂ ಇಲ್ಲ ಅಂತ ವಾಪಸ್ ಕಳಿಸ್ತಾರೆ ಕಣೇ," ಅಂದೆ. ಕಳಿಸಲಿ ಬಿಡು ಅಂದಳು. ಮೇಡಂ ಅನ್ನದೆ ಕಣೇ ಅಂದುಬಿಟ್ಟಿದ್ದೆ, ಅವಳೂ ಗಮನಿಸಲಿಲ್ಲ.

ನಿನ್ನೆ ಕರೆದದ್ದೆಲ್ಲ ತನ್ನನ್ನೇ ಅಂತ ಅಮ್ಮ ಈಗಲೂ ವಾದ ಮಾಡುತ್ತಿದ್ದಾಳೆ. ಮಗಳು ಹೌದೌದು ಅಂತ ಅವಳ ಕಡೆ ಸೇರಿಕೊಂಡಿದ್ದಾಳೆ. ಇವತ್ತು ಮೂವರೂ ಹೊರಗೆ ಊಟಕ್ಕೆ ಹೋಗುವುದು. ಬರೆಯುವುದು ಸಾಕು, ಕರೆಯುತ್ತಿದ್ದಾರೆ.

ಅದೇ ದಿನ, ಸಂಜೆ

ಊಟ ಚೆನ್ನಾಗಿತ್ತು. ಹೋಗುವಾಗ ಬೀಗ ಹಾಕಿ, ಒಂದು ಸಲ ಎಳೆದು ನೋಡಿ, ಇಳಿದುಬಿಟ್ಟೆ. ಬಸ್ಸು ಸಿಕ್ಕಿತು.